ತೀವ್ರ ತಲೆಪೆಟ್ಟಿನ ನಂತರದ ಸೋಂಕು: ರಕ್ತಸೂಚಕಗಳ ಇತಿಹಾಸ

ತಲೆಗೆ ಬಲವಾದ ಪೆಟ್ಟು ಬಿದ್ದು ಕೋಮಾದಲ್ಲಿರುವ ರೋಗಿಗೆ ಜ್ವರ ಬಂದರೆ, ಅದು ಸೋಂಕಿನದೋ ಮೆದುಳಿನ ಗಾಯದ್ದೋ ಎಂದು ಮೈ ಮುಟ್ಟಿ ಹೇಳಲಾಗದು. ಉಷ್ಣವನ್ನು ಹತೋಟಿಯಲ್ಲಿಡುವ ಹೈಪೊಥಲಾಮಸ್‌ಗೆ ಏಟಾದರೂ ಮೈ ಸುಡುತ್ತದೆ. ಎದೆನೋವೋ ಹೊಟ್ಟೆನೋವೋ ರೋಗಿ ಹೇಳಲಾರ. ವೆಂಟಿಲೇಟರಿನಲ್ಲಿ ಇದ್ದಷ್ಟು ದಿನ ನ್ಯುಮೋನಿಯಾದ ಭಯ ತಪ್ಪಿದ್ದಲ್ಲ. ಈ ಗೊಂದಲ ಬಿಡಿಸಲು ವೈದ್ಯರು ರಕ್ತದ ಮೊರೆಹೋದರು.

ಬಿಳಿ ರಕ್ತಕಣಗಳ ಎಣಿಕೆ ಹಳೆಯ ಆಸರೆ, ಆದರೆ ದುರ್ಬಲವಾದದ್ದು. ಪೆಟ್ಟಿನ ಆಘಾತಕ್ಕೇ ಅದು ಏರುತ್ತದೆ. ಸ್ಟೆರಾಯ್ಡ್ ಕೊಟ್ಟರಂತೂ ಇನ್ನಷ್ಟು. ತಲೆಪೆಟ್ಟಿಗೆ ಸ್ಟೆರಾಯ್ಡ್ ಕೊಡುವುದು ಬಹುಕಾಲ ರೂಢಿಯಲ್ಲಿತ್ತು. ಅದರಿಂದ ಸಾವು ಹೆಚ್ಚುತ್ತದೆಂದು 10,008 ರೋಗಿಗಳನ್ನೊಳಗೊಂಡ ಕ್ರ್ಯಾಶ್ ಅಧ್ಯಯನ 2004ರಲ್ಲಿ ತೋರಿಸಿತು.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ಸೀರಮ್ಮಿಗೆ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಎಂಬ ಅಂಶವನ್ನು ಬೆರೆಸಿದಾಗ ಅದು ಗಸಿಗಟ್ಟುವುದನ್ನು ಕಂಡರು. ಕಾಯಿಲೆ ಇಳಿದವರ ಸೀರಮ್ಮಿನಲ್ಲಿ ಹಾಗಾಗುತ್ತಿರಲಿಲ್ಲ. ‘ಸಿ’ಯೊಡನೆ ಸೇರಿ ಹೀಗೆ ಗಸಿಗಟ್ಟುತ್ತಿದ್ದ, ಯಕೃತ್ತು ತಯಾರಿಸುವ ಸೀರಮ್ಮಿನ ಪ್ರೋಟೀನೇ ಇಂದಿನ ಸಿಆರ್‌ಪಿ. ಇದರ ದೋಷವೂ ಅದೇ ಹಳೆಯದು: ಗಾಯ, ಶಸ್ತ್ರಚಿಕಿತ್ಸೆ ಎರಡಕ್ಕೂ ಏರಿ, ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ಹಾಗಾಗಿ ಎರಡನೆಯ ದಿನದ ಅಂಕಿಗೆ ಹೆಚ್ಚು ಬೆಲೆಯಿಲ್ಲ. ಇಳಿಯತೊಡಗಿದ್ದು ಮತ್ತೆ ಮೇಲೇರಿದರೆ ಸೋಂಕನ್ನು ಹುಡುಕಬೇಕು.

ಸೋಂಕಿನ ಸೂಚಕವಾಗಿ ಪ್ರೊಕ್ಯಾಲ್ಸಿಟೋನಿನ್ ಬೆಳಕಿಗೆ ಬಂದದ್ದು 1993ರಲ್ಲಿ, ಫ್ರೆಂಚ್ ಸಂಶೋಧಕರಿಂದ. ಇದು ಥೈರಾಯ್ಡ್ ಗ್ರಂಥಿಯ ಕ್ಯಾಲ್ಸಿಟೋನಿನ್ ಹಾರ್ಮೋನಿನ ಪೂರ್ವರೂಪ. ಆರೋಗ್ಯವಂತರಲ್ಲಿ ಮಿಲಿಲೀಟರಿಗೆ 0.1 ನ್ಯಾನೊಗ್ರಾಂ ಕೂಡ ಇರುವುದಿಲ್ಲ. ಬ್ಯಾಕ್ಟೀರಿಯಾ ಸೋಂಕು ಉಲ್ಬಣಿಸಿದಾಗ 10 ದಾಟಬಹುದು. ಸೋಜಿಗವೆಂದರೆ, ಥೈರಾಯ್ಡನ್ನೇ ತೆಗೆದುಹಾಕಿದ್ದ ರೋಗಿಯೊಬ್ಬರಲ್ಲೂ ಸೋಂಕಿನ ವೇಳೆ ಅದು ಏರಿತ್ತು. ಸೋಂಕು ಬಂದಾಗ ದೇಹದ ಬೇರೆ ಅಂಗಾಂಶಗಳೂ ಇದನ್ನು ಸುರಿಸುತ್ತವೆ. ನಿರೀಕ್ಷೆ ದೊಡ್ಡದಿತ್ತು. ಆದರೆ ಮೈಯೆಲ್ಲ ಜಜ್ಜಿದ ಅಪಘಾತಗಳಲ್ಲಿ ಸೋಂಕಿಲ್ಲದೆಯೂ ಮೊದಲೆರಡು ದಿನ ಇದು ಏರುತ್ತದೆಂದು ಬೇಗನೆ ತಿಳಿಯಿತು.

ಕೊನೆಗೆ ಅದಕ್ಕೆ ದಕ್ಕಿದ್ದು ಬೇರೆ ಕೆಲಸ. ಅಂಕಿ ಇಳಿದುದನ್ನು ನೋಡಿ ಆಂಟಿಬಯೋಟಿಕ್ ಬೇಗ ನಿಲ್ಲಿಸಬಹುದೆಂದು 2010ರ ಫ್ರಾನ್ಸಿನ ಪ್ರೊರಾಟಾ ಅಧ್ಯಯನ ಹೇಳಿತು. ವೆಂಟಿಲೇಟರ್ ನ್ಯುಮೋನಿಯಾ ಕುರಿತ 2016ರ ಅಮೆರಿಕದ ಮಾರ್ಗಸೂಚಿಯೂ ಇದೇ ಹಾದಿಯದು: ಔಷಧ ಶುರುಮಾಡಲು ರೋಗಿಯ ಲಕ್ಷಣಗಳೇ ಆಧಾರ, ನಿಲ್ಲಿಸುವಾಗ ಮಾತ್ರ ಪ್ರೊಕ್ಯಾಲ್ಸಿಟೋನಿನ್ ನೆರವು.

ತಲೆಯೊಳಗಿನ ಒತ್ತಡ ತಗ್ಗಿಸಲು ಹಾಕಿದ ಕೊಳವೆಯಿಂದ ಮೆದುಳಿನ ಕುಹರಗಳಿಗೇ ಸೋಂಕು ತಗುಲಿದರೆ ರಕ್ತದ ಅಂಕಿಗಳು ಸಹಜವಾಗಿಯೇ ಉಳಿಯಬಹುದು. ಅಂಥಲ್ಲಿ ಮಿದುಳುಬಳ್ಳಿ ದ್ರವದ ಕಲ್ಚರ್ ಮತ್ತು ಲ್ಯಾಕ್ಟೇಟ್ ಪರೀಕ್ಷೆಗಳನ್ನು ಮಾಡಿಸುತ್ತಾರೆ.