ಗೀಸರ್ ಪ್ಲಗ್ಗಿನ ಕಾರು

ಎಲೆಕ್ಟ್ರಿಕ್ ಕಾರು ಕೊಂಡವರ ಮನೆಗೆ ಹೋದರೆ ಮಾತು ಕಾರಿನಿಂದ ಶುರುವಾಗಿ ಹತ್ತು ನಿಮಿಷದೊಳಗೆ ಪ್ಲಗ್ಗಿಗೆ ಬಂದು ನಿಲ್ಲುತ್ತದೆ. ಮೊದಲು ಸದ್ದಿಲ್ಲದೆ ಓಡುವುದನ್ನು ಹೊಗಳುತ್ತಾರೆ, ಉಳಿದ ಪೆಟ್ರೋಲ್ ಖರ್ಚಿನ ಲೆಕ್ಕ ಹೇಳುತ್ತಾರೆ. ಆಮೇಲೆ ಒಂದೊಂದೇ ಹೊರಬರುತ್ತದೆ. ಹೆದ್ದಾರಿಯಲ್ಲಿ ಚಾರ್ಜರ್ ಇತ್ತು, ಕೆಟ್ಟಿತ್ತು. ಮುಂದಿನ ಊರಿನದು ಸರಿಯಿತ್ತು, ಅದರ ಆ್ಯಪ್ ಫೋನಿನಲ್ಲಿರಲಿಲ್ಲ. ಆ್ಯಪ್ ಹಾಕಿಕೊಂಡರೆ ಓಟಿಪಿ ಬರಲಿಲ್ಲ. ಮೀಟರು ಇನ್ನೂ 90 ಕಿಲೋಮೀಟರ್ ಅಂದಿತ್ತು, ಘಾಟಿ ಹತ್ತುವಷ್ಟರಲ್ಲಿ 40 ಆಗಿತ್ತು.

ಇವೆಲ್ಲ ಈ ಕಾಲದ ತಾಪತ್ರಯಗಳೆಂದೇ ನಾನೂ ತಿಳಿದಿದ್ದೆ. ಈ ಕಾರಿನ ಹಳೆಯ ಕಥೆಯನ್ನು ಓದುತ್ತಾ ಹೋದಂತೆ, ನೂರಿಪ್ಪತ್ತೈದು ವರ್ಷಗಳಿಂದಲೂ ಗೊಣಗಾಟ ಹೆಚ್ಚುಕಡಿಮೆ ಅದೇ ಎಂದು ಗೊತ್ತಾಯಿತು. ಅಷ್ಟು ವರ್ಷಗಳಲ್ಲಿ ಮೋಟಾರನ್ನು ಬೈದವರು ಕಡಿಮೆ. ಬೈಗುಳವೆಲ್ಲ ಬ್ಯಾಟರಿಗೆ, ತಂತಿಗೆ, ಗೋಡೆಯ ಮೇಲಿನ ಸಾಕೆಟ್ಟಿಗೆ. ಆ ಗೋಡೆ ಯಾರದ್ದು ಅನ್ನುವ ಪ್ರಶ್ನೆಯೂ ಜೊತೆಗೇ ಇದೆ.

1897ರ ಲಂಡನ್ನಿಗೆ ಹೋಗೋಣ. ವಾಲ್ಟರ್ ಬರ್ಸಿ ಎಂಬ ಯುವ ಎಂಜಿನಿಯರ್ ಆ ವರ್ಷ ಆಗಸ್ಟಿನಲ್ಲಿ ಕುದುರೆ ಸಾರೋಟುಗಳ ನಡುವೆ ಬ್ಯಾಟರಿಯಿಂದ ಓಡುವ ಬಾಡಿಗೆ ಬಂಡಿಗಳನ್ನು ಬೀದಿಗಿಳಿಸಿದ. ಗುಂಯ್‌ಗುಡುವ ಸದ್ದಿಗೂ, ಕಪ್ಪು ಹಳದಿ ಬಣ್ಣಕ್ಕೂ ಸೇರಿಸಿ ಜನ ಅವಕ್ಕೆ 'ಹಮ್ಮಿಂಗ್‌ಬರ್ಡ್' ಎಂದು ಅಡ್ಡಹೆಸರಿಟ್ಟರು. ಒಂದು ಚಾರ್ಜಿಗೆ ಸುಮಾರು 50 ಕಿಲೋಮೀಟರ್ ಓಟ. ಚಾರ್ಜು ಮುಗಿದ ಬಂಡಿ ಲ್ಯಾಂಬೆತ್‌ನಲ್ಲಿದ್ದ ಷೆಡ್ಡಿಗೆ ವಾಪಸಾಗಬೇಕು. ಅಲ್ಲಿ ನೀರಿನ ಒತ್ತಡದಿಂದ ಏಳುವ ಲಿಫ್ಟು ಹಳೆಯ ಬ್ಯಾಟರಿ ಪೆಟ್ಟಿಗೆಯನ್ನು ಇಳಿಸಿ ತುಂಬಿದ್ದನ್ನು ಏರಿಸುತ್ತಿತ್ತು. ಕುದುರೆ ಬದಲಿಸಿಕೊಳ್ಳುವ ಹಳೆಯ ಪದ್ಧತಿಯನ್ನೇ ಬ್ಯಾಟರಿಗೆ ಅಳವಡಿಸಿದ್ದ ಬುದ್ಧಿವಂತಿಕೆ ಅದು. ಆದರೆ ಸೀಸದ ಬ್ಯಾಟರಿ ವಿಪರೀತ ಭಾರ. ರಬ್ಬರ್ ಟೈರುಗಳು ಬಹುಬೇಗ ಸವೆದವು. ಕಲ್ಲುಹಾಸಿನ ಬೀದಿಗಳಲ್ಲಿ ಅದುರಿ ಅದುರಿ ಬ್ಯಾಟರಿಯ ತಟ್ಟೆಗಳು ಹಾಳಾದವು. ಕೆಲವು ತಿಂಗಳಲ್ಲೇ ಸದ್ದೂ ಜಾಸ್ತಿಯಾಯಿತು. 1899ರ ಹೊತ್ತಿಗೆ ಹಮ್ಮಿಂಗ್‌ಬರ್ಡುಗಳು ಬೀದಿಯಿಂದ ಮಾಯ.

ಅದೇ 1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ ಒಂದು ಸೂತ್ರ ಪ್ರಕಟಿಸಿದ. ಸೀಸದ ಬ್ಯಾಟರಿಯಿಂದ ವಿದ್ಯುತ್ತನ್ನು ಜೋರಾಗಿ ಎಳೆದಷ್ಟೂ ಒಟ್ಟು ದಕ್ಕುವುದು ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ನಿಧಾನ ಬಗ್ಗಿಸಿದರೆ ಹತ್ತು ಲೋಟ, ದಬದಬ ಸುರಿದರೆ ಏಳೇ ಲೋಟ ಸಿಗುವ ಕೊಡವೊಂದನ್ನು ಊಹಿಸಿಕೊಳ್ಳಿ. ಪೆಟ್ರೋಲ್ ಟ್ಯಾಂಕಿನಲ್ಲಿ ಎಷ್ಟಿದೆಯೆಂದು ಒಂದು ಕಡ್ಡಿ ಇಳಿಸಿ ನೋಡಬಹುದು, ಬ್ಯಾಟರಿಗೆ ಇಳಿಸುವ ಕಡ್ಡಿ ಇಲ್ಲ. ಈಗಿನ ಲಿಥಿಯಂ ಬ್ಯಾಟರಿಗೆ ಪಾಯ್ಕರ್ಟನ ಕಾಟ ಅಷ್ಟಿಲ್ಲ, ನಿಜ. ಆದರೂ ಪರದೆಯ ಮೇಲೆ ಮೂಡುವ 'ಇನ್ನು ಇಷ್ಟು ಕಿಲೋಮೀಟರ್' ಎಂಬ ಅಂಕಿ ಇವತ್ತಿಗೂ ಊಹೆಯೇ. ಇಲ್ಲಿಯವರೆಗೆ ಹೇಗೆ ಓಡಿಸಿದಿರಿ ಎಂಬುದನ್ನು ಮುಂದಿನ ದಾರಿಗೂ ಅನ್ವಯಿಸಿ ಅದು ಲೆಕ್ಕ ಹಾಕುತ್ತದೆ. ಮುಂದೆ ಘಾಟಿ ಇರುವುದು, ಹಿಂದೆ ಕೂತ ಅತ್ತೆಯವರಿಗೆ ಸೆಕೆಯಾಗಿ ಏಸಿ ಏರಿಸುವುದು ಅದಕ್ಕೇನು ಗೊತ್ತು?

1900ರ ಸುಮಾರಿಗೆ ಅಮೆರಿಕದ ದೊಡ್ಡ ನಗರಗಳಲ್ಲಿ ಮೂರರಲ್ಲೊಂದು ಭಾಗದಷ್ಟು ಕಾರುಗಳು ವಿದ್ಯುತ್ತಿನವಾಗಿದ್ದವು. ಹೊಗೆಯಿಲ್ಲ, ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಳ್ಳುವ ಭಯವಿಲ್ಲ. ಶ್ರೀಮಂತ ಮನೆಯ ಹೆಂಗಸರ ಕಾರು ಎಂದೇ ಅದಕ್ಕೆ ಹೆಸರಾಯಿತು. ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಕೂಡ ಓಡಿಸುತ್ತಿದ್ದದ್ದು ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಾರನ್ನು. 'ಶ್ರೀಮಂತ ಮನೆ' ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಬ್ಯಾಟರಿಗೆ ಬೇಕಾದದ್ದು ಡಿಸಿ, ಅನೇಕ ಮನೆಗಳಿಗೆ ಬರುತ್ತಿದ್ದದ್ದು ಏಸಿ. ನಡುವೆ ಪಾದರಸದ ರೆಕ್ಟಿಫೈಯರ್ ಬೇಕು. ದೊಡ್ಡ ಗಾಜಿನ ಬುರುಡೆ, ಅದರೊಳಗೆ ನೀಲಿ ಬೆಳಕಿನ ಕುಣಿತ. ಅದನ್ನಿಡಲು ಸ್ವಂತ ಗ್ಯಾರೇಜು ಬೇಕು, ನೋಡಿಕೊಳ್ಳಲು ಆಳು ಬೇಕು. ಮನೆಗೇ ವಿದ್ಯುತ್ ಇಲ್ಲದವರ ಸಂಖ್ಯೆಯೇ ಆಗ ಹೆಚ್ಚಿತ್ತು. ಪೆಟ್ರೋಲಾದರೆ ಡಬ್ಬಿಯಲ್ಲಿ ಹಳ್ಳಿಯ ಅಂಗಡಿಗೂ ತಲುಪುತ್ತಿತ್ತು.

ಈ ಗಂಟನ್ನು ಬಿಡಿಸಲು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನ ವಿದ್ಯುತ್ ಕಂಪನಿ 1910ರಿಂದ ಒಂದು ವ್ಯವಸ್ಥೆ ನಡೆಸಿತು. ಗಿರಾಕಿ ಗಾಡಿಯನ್ನಷ್ಟೇ ಕೊಳ್ಳಬೇಕು, ಬ್ಯಾಟರಿ ಕಂಪನಿಯದು. ತಿಂಗಳಿಗಿಷ್ಟು, ಓಡಿದ ಮೈಲಿಗಿಷ್ಟು ಎಂದು ಬಾಡಿಗೆ. ಬಹುಮಟ್ಟಿಗೆ ಲಾರಿಗಳಿಗೆ ಒದಗಿದ ಈ ಸೇವೆ 1924ರವರೆಗೂ ನಡೆಯಿತು. ಇಂದು ನಮ್ಮ ನಗರಗಳಲ್ಲಿ ಆಟೋಗಳಿಗೆ ಬ್ಯಾಟರಿ ಬದಲಿಸಿಕೊಡುವ ಗೂಡುಗಳನ್ನು ಹೊಸ ಶೋಧವೆಂಬಂತೆ ತೋರಿಸುವಾಗ ನನಗೆ ಹಾರ್ಟ್‌ಫರ್ಡ್ ನೆನಪಾಗುತ್ತದೆ.

ಅಷ್ಟರಲ್ಲಿ 1912 ಬಂತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಕೂತಿತು. ಚಿಕ್ಕ ಸೀಸದ ಬ್ಯಾಟರಿ, ಚಿಕ್ಕ ಮೋಟಾರು, ಕಾಲಲ್ಲಿ ಒತ್ತಿದರೆ ಪೆಟ್ರೋಲ್ ಎಂಜಿನ್ ಚಾಲೂ. ಹ್ಯಾಂಡಲಿನ ಭಯ ಹೋಯಿತು, ಎಲೆಕ್ಟ್ರಿಕ್ ಕಾರಿನ ದೊಡ್ಡ ಅನುಕೂಲವೂ ಅದರ ಜೊತೆಗೇ ಹೋಯಿತು. ಇದರಲ್ಲೊಂದು ತಮಾಷೆಯಿದೆ. ಆ ಸ್ಟಾರ್ಟರ್ ಬ್ಯಾಟರಿಯ ವಂಶದ ಕುಡಿ ಇವತ್ತಿನ ಬಹುತೇಕ ಎಲೆಕ್ಟ್ರಿಕ್ ಕಾರುಗಳ ಬಾನೆಟ್ಟಿನಡಿ 12 ವೋಲ್ಟಿನ ಡಬ್ಬಿಯಾಗಿ ಕೂತಿದೆ. ಕಾರು ನಿಂತಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದಿರುತ್ತದೆ. ಅದನ್ನು ಮತ್ತೆ ಜೋಡಿಸುವ ಸ್ವಿಚ್ಚಿಗೆ ಶಕ್ತಿ ಬರುವುದು ಈ ಡಬ್ಬಿಯಿಂದ. ಡಬ್ಬಿ ಸತ್ತರೆ, ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಕಾರು ಕಲ್ಲು. ರಜೆ ಮುಗಿಸಿ ಬಂದ ನನ್ನ ಗೆಳೆಯನೊಬ್ಬ ಹೀಗೆ ಬೆಳಗ್ಗೆ ಬಾಗಿಲೂ ತೆರೆಯದ ಕಾರಿನ ಮುಂದೆ ನಿಂತಿದ್ದ. ಕೊನೆಗೆ ಪಕ್ಕದ ಮನೆಯವರ ಹಳೆಯ ಪೆಟ್ರೋಲ್ ಕಾರಿನಿಂದ ತಂತಿ ಎಳೆದು ಅದನ್ನು ಎಬ್ಬಿಸಬೇಕಾಯಿತು. ಅವನ ಮುಖ ನೋಡಬೇಕಿತ್ತು.

ಮುಂದಿನ ಎಂಬತ್ತು ವರ್ಷಗಳನ್ನು ಹಾರಿಬಿಡೋಣ. ಹಾಲಿನ ಗಾಡಿ, ಗಾಲ್ಫ್ ಗಾಡಿಗಳಲ್ಲಿ ಈ ವಿದ್ಯೆ ಜೀವ ಹಿಡಿದುಕೊಂಡಿತ್ತು ಅಷ್ಟೆ. ನಮಗೆ ಬೇಕಾದ ಮುಂದಿನ ಅಧ್ಯಾಯ ಬೆಂಗಳೂರಿನದು.

ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ 1990ರ ಸೌರ ಕಾರು ಸ್ಪರ್ಧೆ ಗೆದ್ದ ತಂಡದಲ್ಲಿದ್ದವರು. 1994ರಲ್ಲಿ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಸೇರಿ ಶುರುಮಾಡಿದ ಸಂಸ್ಥೆಯಿಂದ 2001ರಲ್ಲಿ ರೇವಾ ಹೊರಬಂತು. ಬೊಮ್ಮಸಂದ್ರದಲ್ಲಿ ತಯಾರಾದ ಎರಡು ಬಾಗಿಲಿನ ಪುಟ್ಟ ಕಾರು. ಮುಂದೆ ಇಬ್ಬರು, ಹಿಂದೆ ಮಕ್ಕಳಿಗಷ್ಟೇ ಜಾಗ. ಸೀಟಿನಡಿ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟು. ತುಂಬಲು ಎಂಟು ಗಂಟೆ, ತುಂಬಿದರೆ 80 ಕಿಲೋಮೀಟರ್ ಎಂದು ಹೇಳಿಕೆ. ಇದರ ಜಾಣತನ ಇದ್ದದ್ದು ಪ್ಲಗ್ಗಿನಲ್ಲಿ. ವಿಶೇಷ ಚಾರ್ಜರ್ ಬೇಕಿರಲಿಲ್ಲ, 15 ಆಂಪ್ ಪವರ್ ಪ್ಲಗ್ಗು ಸಾಕು. ಅಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಆಗಲೇ ಇದ್ದ ಗೀಸರ್ ಪ್ಲಗ್ಗು. ಎಲೆಕ್ಟ್ರಿಕ್ ಕಾರನ್ನು ಪಾದರಸದ ಬುರುಡೆಯ ಗ್ಯಾರೇಜಿನಿಂದ ಬಚ್ಚಲುಮನೆಯ ಸಾಕೆಟ್ಟಿಗೆ ಇಳಿಸಿದ್ದು ಸಣ್ಣ ಸಾಧನೆಯಲ್ಲ.

ಆದರೆ ಆ ಸಾಕೆಟ್ಟು ಕಾರು ನಿಲ್ಲುವ ಕಡೆ ಇರಬೇಕಲ್ಲ. ಪೋರ್ಟಿಕೋ ಇರುವ ಸ್ವಂತ ಮನೆಯವರಿಗೆ ರೇವಾ ಒಗ್ಗಿತು. ರಸ್ತೆಯಲ್ಲಿ ನಿಲ್ಲಿಸುವವರಿಗೆ, ವಠಾರದವರಿಗೆ, ಎರಡನೇ ಮಹಡಿಯ ಬಾಡಿಗೆಯವರಿಗೆ ಅದು ಬೇರೆ ಲೋಕದ ವಸ್ತು. ಕೊಂಡವರಿಗೂ ದಿನಚರಿ ಬದಲಾಯಿತು. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಮುಗಿಯದಂತೆ ನೋಡಿಕೊಳ್ಳಬೇಕು, ರಾತ್ರಿ ಕರೆಂಟು ಹೋದರೆ ಬೆಳಗಿನ ಪಯಣದ ಲೆಕ್ಕ ಮತ್ತೆ ಹಾಕಬೇಕು, ಬ್ಯಾಟರಿಗೆ ವಯಸ್ಸಾದಂತೆ 80 ಎಂಬುದು ಕರಗುವುದನ್ನು ನೋಡಬೇಕು, ಒಂದು ದಿನ ಎಂಟನ್ನೂ ಬದಲಿಸುವ ಖರ್ಚಿಗೆ ಸಿದ್ಧರಾಗಬೇಕು. 2009ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ರೇವಾ 'ರಿವೈವ್' ಎಂಬ ಉಪಾಯ ತೋರಿಸಿತು. ದಾರಿಯಲ್ಲಿ ಚಾರ್ಜು ಮುಗಿದರೆ ಕಂಪನಿಗೆ ಫೋನೋ ಮೆಸೇಜೋ ಮಾಡುವುದು, ಅವರು ದೂರದಿಂದಲೇ ಬ್ಯಾಟರಿಯಲ್ಲಿ ಬಚ್ಚಿಟ್ಟ ಮೀಸಲನ್ನು ಬಿಡಿಸಿಕೊಡುವುದು. ಸಾಸಿವೆ ಡಬ್ಬಿಯಲ್ಲಿ ಅಜ್ಜಿ ಇಟ್ಟ ದುಡ್ಡಿನ ಹಾಗೆ. ಭಯವನ್ನು ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಕಂಪನಿಯನ್ನು ಮೆಚ್ಚಬೇಕು.

ಇದೇ ಕಾರು 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ನಿಗೂ ಹೋಯಿತು. ನಗರದೊಳಗೆ ಬರುವ ವಾಹನಗಳಿಗೆ 2003ರಿಂದ ವಿಧಿಸಿದ ಶುಲ್ಕದಿಂದ ವಿನಾಯಿತಿ ಸಿಕ್ಕಿದ್ದು ಅದಕ್ಕೆ ವರವಾಯಿತು. ಬರ್ಸಿಯ ಬಂಡಿಗಳು ಸೋತ ಊರಿನಲ್ಲಿ ಬೊಮ್ಮಸಂದ್ರದ ಕಾರು ಓಡಿತು. ಅಲ್ಲಿಯ ಕಾನೂನಿನ ಪ್ರಕಾರ ಅದು ಕಾರಲ್ಲ, ಕ್ವಾಡ್ರಿಸೈಕಲ್. 2007ರಲ್ಲಿ ಟಾಪ್ ಗೇರ್ ಪತ್ರಿಕೆ ಮಾಡಿಸಿದ ಡಿಕ್ಕಿ ಪರೀಕ್ಷೆ ಅದರ ಹೆಸರನ್ನು ಕೆಡಿಸಿತು. 2010ರಲ್ಲಿ ಮಹೀಂದ್ರ ಸಂಸ್ಥೆ ರೇವಾದ ಬಹುಪಾಲು ಷೇರು ಕೊಂಡಿತು.

ಅಷ್ಟರಲ್ಲಿ ಜಗತ್ತಿನಲ್ಲಿ ಪ್ಲಗ್ಗುಗಳ ಜಗಳ ಆರಂಭವಾಗಿತ್ತು. ಜಪಾನಿನವರು 2010ರಲ್ಲಿ ವೇಗದ ಚಾರ್ಜಿಗೆ 'ಚಾಡೆಮೊ' ಎಂಬ ಪದ್ಧತಿ ತಂದರು. ಜಪಾನೀ ಭಾಷೆಯಲ್ಲಿ ಅದು 'ಒಂದು ಟೀ ಆದರೂ ಕುಡಿಯೋಣವೇ' ಎಂಬ ಮಾತನ್ನು ನೆನಪಿಸುತ್ತದೆ, ಚಾರ್ಜಾಗುವ ಹೊತ್ತಿಗೆ ಟೀ ಮುಗಿದಿರುತ್ತದೆ ಎಂದು. ಯುರೋಪಿನವರು ತಮ್ಮದೇ ಸಿಸಿಎಸ್ ಮಾಡಿಕೊಂಡರು, ಚೀನಾ ಜಿಬಿ/ಟಿ ಹಿಡಿಯಿತು, ಟೆಸ್ಲಾ ತನ್ನದನ್ನೇ ಇಟ್ಟುಕೊಂಡಿತು. ನಾವು ಭಾರತ್ ಏಸಿ-001, ಭಾರತ್ ಡಿಸಿ-001 ಎಂದು ಇನ್ನೆರಡು ಸೇರಿಸಿದೆವು. 2018ರ ಡಿಸೆಂಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಓದಿದರೆ ನಗು ಬರುತ್ತದೆ. ಪ್ರತಿ ಸಾರ್ವಜನಿಕ ಕೇಂದ್ರದಲ್ಲೂ ಐದು ಬಗೆಯ ಚಾರ್ಜರ್ ಇರಬೇಕು! ಮುಂದಿನ ವರ್ಷ ಅದನ್ನು ಸಡಿಲಿಸಿದರು. 2020ರ ನಂತರ ಬಂದ ಕಾರುಗಳು ಬಹುತೇಕ ಸಿಸಿಎಸ್ ಹಿಡಿದವು. ಡಿಸಿ-001 ನಂಬಿ ಕಾರು ಕೊಂಡವರು, ಚಾರ್ಜರ್ ನೆಟ್ಟವರು ಹಳೆಯ ನೋಟು ಹಿಡಿದು ನಿಂತವರಂತಾದರು.

ಈ ಕಾರುಗಳು ಫೋನಿಗೆ ಅಂಟಿಕೊಂಡದ್ದು ಮತ್ತೊಂದು ಕಥೆ. ಬ್ರಿಟನ್ನಿನಲ್ಲಿ 2ಜಿ ಜಾಲ ಮುಚ್ಚುವ ಕಾರಣ ಕೊಟ್ಟು ನಿಸಾನ್ ಕಂಪನಿ ತನ್ನ ಹಳೆಯ ಲೀಫ್ ಕಾರುಗಳ ಆ್ಯಪ್ ಸೇವೆಯನ್ನು 2024ರಲ್ಲಿ ನಿಲ್ಲಿಸಿತು. ಕಾರು ಗಟ್ಟಿಯಾಗಿತ್ತು, ಕಾರಿನೊಳಗಿನ ಸಿಮ್ಮಿಗೆ ಆಯುಸ್ಸು ಮುಗಿದಿತ್ತು.

ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ. ಬೆಸ್ಕಾಂ ಚಾರ್ಜಿಂಗ್ ಕೇಂದ್ರಗಳನ್ನು ತೆರೆಯುತ್ತಾ ಬಂದಿದೆ. ಆದರೂ ಕಾರಿಗೆ ಚೆಂದ ಅನ್ನಿಸುವುದು ರಾತ್ರಿ ಮನೆಯಲ್ಲಿ ನಿಧಾನವಾಗಿ ಚಾರ್ಜಾಗುವುದೇ. ಅಲ್ಲಿಯೂ ಈಗ ಹೊಸ ತಕರಾರು. ಗೀಸರಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೂ ನೀರು ಕಾಯುತ್ತದೆ, ಕಾರಿನ ಚಾರ್ಜರ್ ಮಾತ್ರ ಕೆಂಪು ದೀಪ ಮಿನುಗಿಸಿ ಕೂತುಬಿಡುತ್ತದೆ. ಹಳೆಯ ಮನೆಗಳಲ್ಲಿ ಇದ್ದಿಲು, ಉಪ್ಪು ತುಂಬಿ ಮಾಡಿದ ಅರ್ಥಿಂಗ್ ಗುಂಡಿ ಇರುತ್ತದಲ್ಲ, ಬೇಸಿಗೆಯಲ್ಲಿ ಅದು ಒಣಗುತ್ತದೆ. ಹಿರಿಯರು ಆಗಾಗ ಎರಡು ಕೊಡ ನೀರು ಸುರಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಹತ್ತಿಪ್ಪತ್ತು ಲಕ್ಷದ ಕಾರು ಕೊಂಡು ಗುಂಡಿಗೆ ಬಿಂದಿಗೆಯಲ್ಲಿ ನೀರು ಹೊಯ್ಯುವವರನ್ನು ನಾನೇ ಕಂಡಿದ್ದೇನೆ.

ಗುಂಡಿಯಾದರೂ ಅವರದೇ. ನಾನು ಬಾಡಿಗೆಗಿರುವ ಅಪಾರ್ಟ್‌ಮೆಂಟಿನಲ್ಲಿ ಹೋದ ವರ್ಷ ಮೂರನೇ ಮಹಡಿಯವರೊಬ್ಬರು ಎಲೆಕ್ಟ್ರಿಕ್ ಕಾರು ತಂದರು. ಅವರೂ ಬಾಡಿಗೆಯವರೇ. ನೆಲಮಾಳಿಗೆಯಲ್ಲಿ ಸಾಕೆಟ್ಟು ಹಾಕಿಸಲು, ಬೇರೆ ಮೀಟರಿನ ಖರ್ಚನ್ನು ತಾವೇ ಕೊಡಲು ಅರ್ಜಿ ಕೊಟ್ಟರು. ಸಭೆಯಲ್ಲಿ ಒಬ್ಬರು ಬೆಂಕಿಯ ಮಾತೆತ್ತಿದರು, ಇನ್ನೊಬ್ಬರು ಟ್ರಾನ್ಸ್‌ಫಾರ್ಮರಿನ ಲೋಡಿನ ಮಾತು. ಮನೆ ಮಾಲೀಕರು ಒಪ್ಪಿಗೆ ಪತ್ರ ಕೊಡಬೇಕೆಂದರು ಮತ್ತೊಬ್ಬರು. ಮಾಲೀಕರು ಇರುವುದು ಕೆನಡಾದಲ್ಲಿ. ನಡಾವಳಿ ಪುಸ್ತಕದಲ್ಲಿ ಆ ವಿಷಯದ ಎದುರು 'ಮುಂದಿನ ಸಭೆಗೆ' ಎಂದು ಬರೆದಿದೆ. ಅವರು ವಾರಕ್ಕೆರಡು ರಾತ್ರಿ ಊಟವಾದ ಮೇಲೆ ನಾಲ್ಕು ಕಿಲೋಮೀಟರ್ ದೂರದ ಮಾಲ್‌ಗೆ ಕಾರು ಒಯ್ದು, ಚಾರ್ಜಾಗುವವರೆಗೆ ಒಳಗೆ ಕೂತು ಓದಿಕೊಳ್ಳುತ್ತಾರೆ. ಹೋಗುವ ಮುನ್ನ ನಮ್ಮ ಬಾಗಿಲು ತಟ್ಟಿ, ಓದಲು ಏನಾದರೂ ಇದೆಯಾ ಸರ್ ಎಂದು ಕೇಳುತ್ತಾರೆ.