ಅಂಚೆ ವಿಳಾಸದಿಂದ ಆಕರಸೂಚಿಯವರೆಗೆ: ಅಮೆರಿಕದ ಕಾಮಿಕ್ಸ್ ಮತ್ತು ಟಿ.ವಿ. ಅಭಿಮಾನಿಗಳು ಬರೆದ ಇತಿಹಾಸ

1961ರಲ್ಲಿ ನ್ಯೂಯಾರ್ಕಿನ ಡಿಸಿ ಕಾಮಿಕ್ಸ್ ಸಂಸ್ಥೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ತಮ್ಮ ಪತ್ರಿಕೆಗಳ ಓದುಗರ ಪುಟದಲ್ಲಿ ಸಣ್ಣದೊಂದು ಬದಲಾವಣೆ ಮಾಡಿದರು. ‘ದಿ ಬ್ರೇವ್ ಅಂಡ್ ದಿ ಬೋಲ್ಡ್’ನ 35ನೆಯ ಸಂಚಿಕೆಯಿಂದ, ಪತ್ರ ಬರೆದವರ ಹೆಸರು ಮತ್ತು ಊರಿನ ಜೊತೆಗೆ ಮನೆ ಸಂಖ್ಯೆ, ಬೀದಿಯ ಹೆಸರು ಸಹ ಅಚ್ಚಾಗತೊಡಗಿದವು. ಅಲ್ಲಿಯವರೆಗೆ ಒಬ್ಬೊಬ್ಬರೂ ಸಂಪಾದಕರಿಗಷ್ಟೇ ಬರೆಯುತ್ತಿದ್ದರು. ಈಗ ಒಬ್ಬ ಓದುಗ ಇನ್ನೊಬ್ಬ ಓದುಗನಿಗೆ ನೇರವಾಗಿ ಬರೆಯುವ ದಾರಿ ತೆರೆಯಿತು. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ಗೆ ಇಂದು ಒಂದು ಲಿಖಿತ ಇತಿಹಾಸ ಇದ್ದರೆ ಅದರ ಬಹುಪಾಲು ಕೆಲಸ ಆರಂಭವಾದದ್ದು ಹೀಗೆ ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳಲ್ಲಿ. ಪ್ರಕಾಶಕರು ಆ ಇತಿಹಾಸವನ್ನು ಬರೆಯಲಿಲ್ಲ. ವಿಶ್ವವಿದ್ಯಾಲಯಗಳು ಅತ್ತ ಬಂದದ್ದು ತಡವಾಗಿ. ಬರೆದವರು ಓದುಗರು. ಆದ್ದರಿಂದಲೇ ಆ ಇತಿಹಾಸದ ಬಲ ಯಾವುದೋ ಅದರ ಕುರುಡೂ ಅದೇ ಆಗಿದೆ ಎಂಬುದು ಈ ಲೇಖನದ ವಾದ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಅಭಿಮಾನಿ ಎಂದ ಕೂಡಲೆ ನಮಗೆ ಕಟೌಟು, ಹಾಲಿನ ಅಭಿಷೇಕ, ಮೊದಲ ದಿನದ ಮೊದಲ ಪ್ರದರ್ಶನ ನೆನಪಾಗುತ್ತವೆ. ಇಲ್ಲಿ ಬರುವ ಜನ ಬೇರೆ ಜಾತಿಯವರು. ಹಳೆಯ ಸಂಚಿಕೆಗಳನ್ನು ಹುಡುಕುವುದು, ಪಟ್ಟಿ ಮಾಡುವುದು, ತಾರೀಖಿಗಾಗಿ ಜಗಳವಾಡುವುದು ಇವರ ಚಟ.

ವಿಳಾಸ ಅಚ್ಚು ಹಾಕುವ ಉಪಾಯ ಶ್ವಾರ್ಟ್ಜ್ ಅವರಿಗೆ ಹೊಸದಾಗಿ ಹೊಳೆದದ್ದಲ್ಲ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥೆಗಳ ಮಾಸಪತ್ರಿಕೆ ಓದುಗರ ಪೂರ್ಣ ವಿಳಾಸ ಕೊಡುತ್ತಿತ್ತು. ಅಲ್ಲಿಂದ ಪರಿಚಯವಾದವರು ಸಂಘ ಕಟ್ಟಿಕೊಂಡು ತಾವೇ ಪುಟ್ಟ ಪತ್ರಿಕೆಗಳನ್ನು ಹೊರತಂದರು. ಇವಕ್ಕೆ ಮುಂದೆ ಫ್ಯಾನ್‌ಜೀನ್ ಎಂಬ ಹೆಸರು ನಿಂತಿತು. ಶ್ವಾರ್ಟ್ಜ್ ಸ್ವತಃ ಹದಿಹರೆಯದಲ್ಲಿ, 1932ರಲ್ಲಿ, ಗೆಳೆಯ ಮಾರ್ಟ್ ವೈಸಿಂಗರ್ ಜೊತೆ ಸೇರಿ ‘ದಿ ಟೈಮ್ ಟ್ರಾವೆಲರ್’ ಎಂಬ ಅಂಥ ಪತ್ರಿಕೆ ನಡೆಸಿದವರು. ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕೂಡ ಇದೇ ಗರಡಿಯವರು. 1933ರಲ್ಲಿ ಅವರ ಫ್ಯಾನ್‌ಜೀನ್‌ನಲ್ಲಿ ‘ಸೂಪರ್‌ಮ್ಯಾನ್’ ಎಂಬ ಹೆಸರಿನ ಪಾತ್ರ ಮೊದಲ ಬಾರಿಗೆ ಬಂತು. ಆಗ ಅವನು ನಾಯಕನಲ್ಲ, ಖಳ. ಇಂದು ಜಗತ್ತು ಬಲ್ಲ ಸೂಪರ್‌ಮ್ಯಾನ್ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡದ್ದು 1938ರಲ್ಲಿ. ಅಂದರೆ ಈ ಉದ್ಯಮದ ಹುಟ್ಟಿನಲ್ಲೇ ಅಭಿಮಾನಿಗಳ ಕೈ ಇತ್ತು.

ಆದರೂ ಆ ಉದ್ಯಮಕ್ಕೆ ತನ್ನದೇ ಚರಿತ್ರೆಯ ಬಗ್ಗೆ ಕಾಳಜಿ ಇರಲಿಲ್ಲ. ಹತ್ತು ಸೆಂಟಿನ ಪುಸ್ತಕವನ್ನು ಹುಡುಗರು ಓದಿ ಬಿಸಾಡುತ್ತಾರೆ, ಕೆಲವು ವರ್ಷಕ್ಕೊಮ್ಮೆ ಓದುಗರ ಹೊಸ ಪೀಳಿಗೆ ಬರುತ್ತದೆ, ಹಳೆಯದು ಯಾರಿಗೆ ಬೇಕು ಎಂಬುದು ಪ್ರಕಾಶಕರ ಲೆಕ್ಕ. ಬರೆದವರ, ಚಿತ್ರಿಸಿದವರ ಹೆಸರು ಬಹಳಷ್ಟು ಕಥೆಗಳಲ್ಲಿ ಇರುತ್ತಲೇ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದ ರದ್ದಿ ಸಂಗ್ರಹದಲ್ಲಿ ರಾಶಿಗಟ್ಟಲೆ ಸಂಚಿಕೆಗಳು ಕರಗಿಹೋದವು. ಯುದ್ಧಾನಂತರ ಸೂಪರ್‌ಹೀರೋಗಳ ಬೇಡಿಕೆ ಕುಸಿಯಿತು. ಹಲವು ನಾಯಕರು ಒಂದೇ ಮೇಜಿನ ಸುತ್ತ ಕೂರುತ್ತಿದ್ದ ‘ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ’ದ ಕಥೆಗಳು 1951ರಲ್ಲಿ ನಿಂತು, ಅದೇ ಪತ್ರಿಕೆ ಕೌಬಾಯ್ ಕಥೆಗಳತ್ತ ಹೊರಳಿತು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ತಮ್ ಅವರ ‘ಸಿಡಕ್ಷನ್ ಆಫ್ ದಿ ಇನ್ನೊಸೆಂಟ್’ ಪ್ರಕಟವಾಯಿತು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಎಂಬ ದೂರಿನ ಮೇಲೆ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ಅದೇ ವರ್ಷ ಕಾಮಿಕ್ಸ್ ಕೋಡ್ ಎಂಬ ಸ್ವಯಂ ನಿಯಂತ್ರಣ ಹೇರಿಕೊಂಡರು. ಇಂಥ ಹೊತ್ತಿನಲ್ಲಿ ದೊಡ್ಡವನೊಬ್ಬ ತಾನು ಕಾಮಿಕ್ಸ್ ಓದುತ್ತೇನೆ ಎಂದು ಹೇಳಿಕೊಳ್ಳುವುದೇ ಮುಜುಗರದ ಸಂಗತಿಯಾಗಿತ್ತು.

1956ರ ‘ಶೋಕೇಸ್’ 4ನೆಯ ಸಂಚಿಕೆಯಲ್ಲಿ ಶ್ವಾರ್ಟ್ಜ್ ಅವರ ಸಂಪಾದಕತ್ವದಲ್ಲಿ ‘ಫ್ಲ್ಯಾಶ್’ ಎಂಬ ಹಳೆಯ ನಾಯಕ ಹೊಸ ವೇಷದಲ್ಲಿ ಮರಳಿದ. ಆ ಕಥೆಯ ಒಂದು ವಿವರ ಗಮನಿಸುವಂಥದ್ದು: ಹೊಸ ಫ್ಲ್ಯಾಶ್ ಆಗುವ ಬ್ಯಾರಿ ಆ್ಯಲನ್, 1940ರ ದಶಕದ ಹಳೆಯ ಫ್ಲ್ಯಾಶ್‌ನ ಕಾಮಿಕ್ಸ್ ಪುಸ್ತಕವನ್ನು ಓದುತ್ತಿರುತ್ತಾನೆ. ಕಥಾನಾಯಕನೇ ಹಳೆಯ ಸಂಚಿಕೆ ಹಿಡಿದು ಕೂತಿರುವಾಗ, ಅದನ್ನು ಚಿಕ್ಕಂದಿನಲ್ಲಿ ಓದಿ ಬೆಳೆದವರ ಮನಸ್ಸು ಸುಮ್ಮನಿರುವುದುಂಟೇ? ಡೆಟ್ರಾಯಿಟ್‌ನ ವೇನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಾಪಕ ಜೆರ್ರಿ ಬೇಲ್ಸ್ ಅಂಥವರಲ್ಲೊಬ್ಬರು. ಜಸ್ಟಿಸ್ ಸೊಸೈಟಿ ಮರಳಿ ಬರಬೇಕೆಂಬುದು ಅವರ ಹಟ. ಆ ಕಥೆಗಳ ಲೇಖಕ ಗಾರ್ಡ್‌ನರ್ ಫಾಕ್ಸ್ ಅವರೊಂದಿಗೆ 1950ರ ದಶಕದಿಂದಲೇ ಪತ್ರವ್ಯವಹಾರ ಇಟ್ಟುಕೊಂಡಿದ್ದರು. ಲೇಖಕರ ಬಳಿ ಇದ್ದ ಹಳೆಯ ಸಂಪುಟಗಳನ್ನು ಕೊನೆಗೂ ಕೊಂಡುಕೊಂಡರು. ಅದೇ ಸಂಪುಟಗಳ ಆಸೆಯಿಂದ ಮಿಸೌರಿ ರಾಜ್ಯದ ವಿದ್ಯಾರ್ಥಿ ರಾಯ್ ಥಾಮಸ್ 1960ರಲ್ಲಿ ಫಾಕ್ಸ್ ಅವರಿಗೆ ಬರೆದಾಗ, ಅವು ಬೇಲ್ಸ್ ಪಾಲಾಗಿವೆ ಎಂದು ಗೊತ್ತಾಯಿತು. ಹೀಗೆ ಇಬ್ಬರ ಗೆಳೆತನ ಬೆಳೆಯಿತು. 1961ರ ಫೆಬ್ರವರಿಯಲ್ಲಿ ಬೇಲ್ಸ್ ನ್ಯೂಯಾರ್ಕಿಗೆ ಹೋಗಿ ಶ್ವಾರ್ಟ್ಜ್ ಅವರನ್ನು ಕಂಡರು. ಮಾರ್ಚ್‌ನಲ್ಲಿ ‘ಆಲ್ಟರ್ ಈಗೋ’ ಎಂಬ ಫ್ಯಾನ್‌ಜೀನ್ ಹೊರಬಂತು. ಅದನ್ನು ತೆಗೆದದ್ದು ಸ್ಪಿರಿಟ್ ಡುಪ್ಲಿಕೇಟರ್‌ನಲ್ಲಿ. ನಮ್ಮ ಕಚೇರಿಗಳ ಸೈಕ್ಲೋಸ್ಟೈಲ್ ಯಂತ್ರದ ದಾಯಾದಿ ಅದು, ನೇರಳೆ ಅಕ್ಷರ, ಬಿಸಿಲಿಗೆ ಇಟ್ಟರೆ ಮಾಸುವ ಶಾಯಿ.

ಬೇಲ್ಸ್ ಒಬ್ಬರೇ ಈ ಹಾದಿ ತೆರೆದರೆಂದು ಹೇಳಿದರೆ ತಪ್ಪಾಗುತ್ತದೆ. 1960ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ವಿಶ್ವ ವೈಜ್ಞಾನಿಕ ಕಥಾಸಾಹಿತ್ಯ ಸಮ್ಮೇಳನದಲ್ಲಿ ಡಿಕ್ ಮತ್ತು ಪ್ಯಾಟ್ ಲುಪೋಫ್ ದಂಪತಿ ತಮ್ಮ ‘ಝೀರೋ’ ಪತ್ರಿಕೆಯ ಮೊದಲ ಸಂಚಿಕೆ ಹಂಚಿದ್ದರು. ಅದರಲ್ಲಿ ಹಳೆಯ ಕಾಮಿಕ್ಸ್ ಕುರಿತ ಲೇಖನಮಾಲೆ ಇತ್ತು. ದಂಪತಿ ಅಲ್ಲಿ ಕ್ಯಾಪ್ಟನ್ ಮಾರ್ವೆಲ್, ಮೇರಿ ಮಾರ್ವೆಲ್ ಎಂಬ ಕಾಮಿಕ್ಸ್ ಪಾತ್ರಗಳ ವೇಷ ತೊಟ್ಟು ಓಡಾಡಿದರು. 1961ರಲ್ಲೇ ಡಾನ್ ಥಾಂಪ್ಸನ್ ಮತ್ತು ಮ್ಯಾಗಿ ಕರ್ಟಿಸ್ ‘ಕಾಮಿಕ್ ಆರ್ಟ್’ ಆರಂಭಿಸಿದರು. ಈ ಎರಡೂ ಪತ್ರಿಕೆಗಳಲ್ಲಿ ಹೆಂಗಸರು ಸಮಪಾಲಿನ ಸಂಪಾದಕರು ಎಂಬುದನ್ನು ಆಮೇಲಿನ ಬರಹಗಳು ಸಾಕಷ್ಟು ಎತ್ತಿ ಹೇಳಿಲ್ಲ.

ಓದುಗರ ಒತ್ತಾಯ ಕಥೆಗಳ ಒಳಗೂ ಇಳಿಯಿತು. 1961ರ ಸೆಪ್ಟೆಂಬರ್ ತಾರೀಖಿನ ‘ದಿ ಫ್ಲ್ಯಾಶ್’ 123ನೆಯ ಸಂಚಿಕೆಯಲ್ಲಿ ಫಾಕ್ಸ್ ಇಬ್ಬರು ಫ್ಲ್ಯಾಶ್‌ಗಳನ್ನೂ ಮುಖಾಮುಖಿ ತಂದರು. ಹಳೆಯ ನಾಯಕರು ಬೇರೊಂದು ಭೂಮಿಯಲ್ಲಿ ಇನ್ನೂ ಬದುಕಿದ್ದಾರೆ ಎಂಬ ಕಲ್ಪನೆ ಅಲ್ಲಿಂದ ಬೆಳೆಯಿತು. 1963ರಲ್ಲಿ ಜಸ್ಟಿಸ್ ಸೊಸೈಟಿಯೇ ಮರಳಿತು. ಕಾಮಿಕ್ಸ್ ಚರಿತ್ರೆಯನ್ನು ‘ಸುವರ್ಣ ಯುಗ’, ‘ರಜತ ಯುಗ’ ಎಂದು ವಿಂಗಡಿಸುವ ಪದ್ಧತಿಯೂ ಅಭಿಮಾನಿಗಳದೇ: ಮೊದಲನೆಯದು ಡಿಕ್ ಲುಪೋಫ್ ಅವರ ಬರಹದಿಂದ ಬಂದದ್ದು, ಎರಡನೆಯದರ ಜಾಡು 1966ರ ‘ಜಸ್ಟಿಸ್ ಲೀಗ್’ ಎಂಬ ಡಿಸಿ ಪತ್ರಿಕೆಯ ಸಂಚಿಕೆಯಲ್ಲಿ ಅಚ್ಚಾದ ಓದುಗನೊಬ್ಬನ ಪತ್ರದವರೆಗೆ ಹೋಗುತ್ತದೆ.

ಈ ಕಾಲದ ಅತ್ಯಂತ ಗಟ್ಟಿಯಾದ ಸಾಧನೆ ಎಂದರೆ ಹೆಸರಿಲ್ಲದವರನ್ನು ಗುರುತಿಸಿದ್ದು. ಶಾಸನದಲ್ಲಿ ಕಾಲ ನಮೂದಾಗದಿದ್ದರೂ ಅಕ್ಷರದ ಬಳುಕು ನೋಡಿ ಶತಮಾನ ಹೇಳುವ ಲಿಪಿತಜ್ಞರಂತೆ ಇವರು ಬೆರಳು, ಮೂಗು, ಬಟ್ಟೆಯ ಮಡಿಕೆ ಬಿಡಿಸಿದ ಬಗೆಯಿಂದ ಚಿತ್ರಕಾರನನ್ನು ಹಿಡಿದರು. ಡಿಸ್ನಿಯ ಡೊನಾಲ್ಡ್ ಡಕ್ ಕಥೆಗಳಲ್ಲಿ ಒಬ್ಬ ಅನಾಮಿಕನ ಕೆಲಸ ಮಾತ್ರ ಬೇರೆ ಎಂದು ಮಕ್ಕಳಿಗೇ ತಿಳಿದಿತ್ತು. ಅವರ ಹೆಸರು ಕಾರ್ಲ್ ಬಾರ್ಕ್ಸ್ ಎಂದು ಅಭಿಮಾನಿಗಳಿಗೆ ತಿಳಿದದ್ದು 1960ರಲ್ಲಿ. ಅಷ್ಟರಲ್ಲಿ ಅವರು ಆ ಬಾತುಕೋಳಿಗಳನ್ನು ಬರೆಯತೊಡಗಿ ಹದಿನೆಂಟು ವರ್ಷ ಕಳೆದಿತ್ತು.

ಬಿಲ್ ಫಿಂಗರ್ ಪ್ರಕರಣ ಇನ್ನೂ ಕಹಿಯಾದದ್ದು. 1939ರ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ಹುಟ್ಟಿದಾಗಿನಿಂದ ಪುಟದ ಮೇಲೆ ಇದ್ದದ್ದು ಬಾಬ್ ಕೇನ್ ಹೆಸರೊಂದೇ. ಆ ಮೊದಲ ಕಥೆ ಬರೆದವರು, ಗಟ್ಟಿ ರೆಕ್ಕೆಗಳ ಬದಲು ಹಾರಾಡುವ ಮೇಲಂಗಿ ಇರಲಿ ಎಂದವರು, ಬೂದು ಬಣ್ಣ ಸೂಚಿಸಿದವರು, ಬ್ರೂಸ್ ವೇನ್ ಎಂಬ ಹೆಸರು ಕೊಟ್ಟವರು ಫಿಂಗರ್. 1965ರ ಬೇಸಗೆಯಲ್ಲಿ ನ್ಯೂಯಾರ್ಕಿನ ಸಮ್ಮೇಳನದ ವೇದಿಕೆಗೆ ಫಿಂಗರ್ ಬಂದರು. ಅವರೊಂದಿಗೆ ಮಾತಾಡಿದ ಬೇಲ್ಸ್, ಆ ಸೆಪ್ಟೆಂಬರ್‌ನಲ್ಲಿ ‘ಕಾಪಾ-ಆಲ್ಫಾ’ ಎಂಬ ಅಭಿಮಾನಿಗಳ ಬಳಗಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದು ಫಿಂಗರ್ ಅವರ ಪಾಲನ್ನು ವಿವರಿಸಿದರು. ಅದನ್ನು ಓದಿದವರ ಸಂಖ್ಯೆ ತೀರ ಕಡಿಮೆ. ಆದರೂ ಕೇನ್ ಸಿಟ್ಟಾದರು. ಬ್ಯಾಟ್‌ಮ್ಯಾನ್ ತನ್ನೊಬ್ಬನದೇ ಸೃಷ್ಟಿ ಎಂದು ದೀರ್ಘ ಪತ್ರ ಬರೆದರು. ಬಿಲ್‌ಜೋ ವೈಟ್ ನಡೆಸುತ್ತಿದ್ದ ‘ಬ್ಯಾಟ್‌ಮೇನಿಯಾ’ ಫ್ಯಾನ್‌ಜೀನ್‌ನಲ್ಲಿ ಅದು 1967ರಲ್ಲಿ ಅಚ್ಚಾಯಿತು. ಫಿಂಗರ್ 1974ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಪಾಲು ದೊಡ್ಡದೆಂದು ಕೇನ್ 1989ರ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಬ್ಯಾಟ್‌ಮ್ಯಾನ್ ಸೃಷ್ಟಿಕರ್ತರ ಸಾಲಿನಲ್ಲಿ ಫಿಂಗರ್ ಹೆಸರನ್ನು ಡಿಸಿ ಸೇರಿಸಿದ್ದು 2015ರಲ್ಲಿ. ಕೆಲವೇ ಜನ ಓದಿದ ಆ ಬಳಗಪತ್ರಿಕೆಯ ಲೇಖನ ಇಲ್ಲದಿದ್ದರೆ, ಅರ್ಧ ಶತಮಾನದ ನಂತರ ಸಂಶೋಧಕರ ಕೈಯಲ್ಲಿ ಫಿಂಗರ್ ಬದುಕಿದ್ದಾಗಿನ ಸಾಕ್ಷ್ಯ ಎಷ್ಟು ಉಳಿದಿರುತ್ತಿತ್ತು ಎಂಬುದು ಯೋಚಿಸಬೇಕಾದ ಪ್ರಶ್ನೆ.

ಇದೇ ಫಿಂಗರ್ ಹೆಸರು ಟಿ.ವಿ. ಪರದೆಯ ಮೇಲೆ ಒಮ್ಮೆ ಮೂಡಿತು. 1966ರ ಜನವರಿ 12ರಂದು ಎಬಿಸಿ ವಾಹಿನಿಯಲ್ಲಿ ಆರಂಭವಾದ ‘ಬ್ಯಾಟ್‌ಮ್ಯಾನ್’ ಧಾರಾವಾಹಿಗೆ ಅವರು ಚಾರ್ಲ್ಸ್ ಸಿಂಕ್ಲೇರ್ ಜೊತೆ ‘ಕ್ಲಾಕ್ ಕಿಂಗ್’ ಎಂಬ ಖಳನ ಎರಡು ಕಂತುಗಳನ್ನು ಬರೆದರು. ನಾಯಕನಟ ಆ್ಯಡಮ್ ವೆಸ್ಟ್ ಗಂಭೀರ ಮುಖ ಮಾಡಿಕೊಂಡು ಹಾಸ್ಯಾಸ್ಪದ ಮಾತು ಹೇಳುವ, ಹೊಡೆತದ ಸದ್ದು ಪರದೆಯ ತುಂಬ ಅಕ್ಷರವಾಗಿ ಸಿಡಿಯುವ ಆ ಧಾರಾವಾಹಿ ದೇಶವನ್ನೇ ನಗಿಸಿತು. ಅಭಿಮಾನಿಗಳು ಮಾತ್ರ ಇಬ್ಭಾಗವಾದರು. ತಾವು ಮರ್ಯಾದೆ ತಂದುಕೊಡಲು ಹೆಣಗುತ್ತಿದ್ದ ಕಲೆಯನ್ನು ಇವರು ಗೇಲಿ ಮಾಡುತ್ತಿದ್ದಾರೆ ಎಂಬುದು ಹಲವರ ಸಂಕಟ. ನ್ಯೂಜೆರ್ಸಿಯ ಬಾಲಕ ಮೈಕಲ್ ಅಸ್ಲನ್ ಆ ನೋವನ್ನು ಮರೆಯಲಿಲ್ಲ. ಮುಂದೆ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಕಾಮಿಕ್ಸ್ ಕುರಿತ ಪಾಠಕ್ರಮ ನಡೆಸಿ, 1979ರಲ್ಲಿ ಬೆಂಜಮಿನ್ ಮೆಲ್ನಿಕರ್ ಜೊತೆ ಬ್ಯಾಟ್‌ಮ್ಯಾನ್ ಚಲನಚಿತ್ರದ ಹಕ್ಕು ಕೊಂಡರು. 1989ರ ಚಿತ್ರ ಅದರ ಫಲ. 120 ಕಂತುಗಳ ಆ ಟಿ.ವಿ. ಧಾರಾವಾಹಿಯ ಚಿತ್ರವಿನ್ಯಾಸವನ್ನೂ ನಟರ ಸಮಯಪ್ರಜ್ಞೆಯನ್ನೂ ಇಂದು ನೋಡಿದರೆ, ಅಂದಿನ ಸಿಟ್ಟು ಅತಿಯಾಯಿತು ಎಂದೇ ನನಗೆ ಅನ್ನಿಸುತ್ತದೆ.

1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿಯಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಧಾರಾವಾಹಿ ಆರಂಭವಾಯಿತು. ಅದರ ಸುತ್ತ ಕೂಡಿದ ಬಳಗದ ಸ್ವಭಾವವೇ ಬೇರೆ. ಕಾಮಿಕ್ಸ್ ಕೂಟಗಳಲ್ಲಿ ಗಂಡಸರೇ ಹೆಚ್ಚು. ಇಲ್ಲಿ ಬರೆದವರು, ಸಂಪಾದಿಸಿದವರು, ಸಮ್ಮೇಳನ ನಡೆಸಿದವರು ಬಹುಮಟ್ಟಿಗೆ ಹೆಂಗಸರು. ಮೊದಲ ‘ಸ್ಟಾರ್ ಟ್ರೆಕ್’ ಫ್ಯಾನ್‌ಜೀನ್ ‘ಸ್ಪಾಕನೇಲಿಯ’ವನ್ನು 1967ರಲ್ಲಿ ಡೆವ್ರಾ ಲ್ಯಾಂಗ್‌ಸಮ್ ಮತ್ತು ಶೆರ್ನಾ ಕಾಮರ್‌ಫರ್ಡ್ ಹೊರತಂದರು. ಧಾರಾವಾಹಿ ನಿಲ್ಲುವ ಸುಳಿವು ಸಿಕ್ಕಾಗ ಬೀಜೋ ಟ್ರಿಂಬಲ್ ಪತಿ ಜಾನ್ ಜೊತೆ ಪತ್ರ ಚಳವಳಿ ಸಂಘಟಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಪತ್ರ ಬಂದವೆಂದು ವಾಹಿನಿಯ ಲೆಕ್ಕ. ಅಭಿಮಾನಿಗಳ ಲೆಕ್ಕ ಅದರ ಹಲವು ಪಟ್ಟು. ಎರಡರಲ್ಲಿ ಯಾವುದನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. 1968ರ ಮಾರ್ಚ್ 1ರಂದು ಕಾರ್ಯಕ್ರಮದ ಕೊನೆಯಲ್ಲಿ, ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿಯೇ ಪ್ರಕಟಿಸಿತು. ಆದರೆ ಶುಕ್ರವಾರ ರಾತ್ರಿ ಹತ್ತರ ವೇಳೆಗೆ ಅದನ್ನು ದೂಡಿತು. 79 ಕಂತಿಗೆ ಕಥೆ ಮುಗಿಯಿತು. ಮರುಪ್ರಸಾರದಲ್ಲಿ ನೋಡುಗರು ಬೆಳೆದರು. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಸಮ್ಮೇಳನಕ್ಕೆ ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದ ಸಂಘಟಕರ ಮುಂದೆ ಮೂರು ಸಾವಿರಕ್ಕೂ ಮಿಕ್ಕಿ ಜನ ನಿಂತರು. 1976ರಲ್ಲಿ ನಾಸಾದ ಮೊದಲ ಸ್ಪೇಸ್ ಷಟಲ್ ನೌಕೆಗೆ ‘ಕಾನ್‌ಸ್ಟಿಟ್ಯೂಷನ್’ ಬದಲು ‘ಎಂಟರ್‌ಪ್ರೈಸ್’ ಎಂಬ, ಧಾರಾವಾಹಿಯ ನೌಕೆಯ ಹೆಸರು ಬಂದದ್ದು ಇಂಥವೇ ಪತ್ರಗಳ ಒತ್ತಡದಿಂದ.

ಟಿ.ವಿ. ಅಭಿಮಾನಿಗಳ ಕಷ್ಟ ಕಾಮಿಕ್ಸ್‌ನವರಿಗಿಂತ ದೊಡ್ಡದು. ಕಾಮಿಕ್ಸ್ ಆದರೆ ಯಾರದೋ ಅಟ್ಟದಲ್ಲಿ ಉಳಿದಿರುತ್ತದೆ. ವಿಡಿಯೊ ಕ್ಯಾಸೆಟ್ ಬರುವ ಮೊದಲು ಪ್ರಸಾರವಾದ ಕಂತು ಮನೆಯಲ್ಲಿ ಉಳಿಯುವ ಬಗೆಯೇ ಇರಲಿಲ್ಲ. ಹಾಗಾಗಿ ಅವರು ಕಂತುವಾರು ಸಾರಾಂಶ, ಪಾತ್ರಸೂಚಿ, ನೌಕೆಗಳ ನಕ್ಷೆ ಬರೆದಿಟ್ಟರು. ‘ಸ್ಟಾರ್ ಟ್ರೆಕ್ ಕನ್‌ಕಾರ್ಡನ್ಸ್’ ಹೀಗೆ ಹುಟ್ಟಿತು. ಬ್ರಿಟನ್ನಿನಲ್ಲಿ ಇದು ಇನ್ನೂ ತೀವ್ರವಾಗಿತ್ತು. 1963ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಟೇಪುಗಳನ್ನು ಬಿಬಿಸಿ 1970ರ ದಶಕದವರೆಗೂ ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿತು, ಫಿಲ್ಮ್ ಪ್ರತಿಗಳನ್ನು ಎಸೆಯಿತು. ಮೊದಲ ಆರು ವರ್ಷದ ಎಷ್ಟೋ ಕಂತುಗಳ ದೃಶ್ಯ ಹೀಗೆ ಕಳೆದುಹೋದರೂ ಧ್ವನಿ ಮಾತ್ರ ಪೂರ್ತಿ ಉಳಿದಿದೆ: ಕೆಲವು ಹುಡುಗರು ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿಮುದ್ರಿಸಿಕೊಂಡಿದ್ದರು.

1964ರಲ್ಲಿ ಡೆಟ್ರಾಯಿಟ್, ನ್ಯೂಯಾರ್ಕ್‌ಗಳಲ್ಲಿ ಸಣ್ಣ ಸಭಾಂಗಣಗಳಲ್ಲಿ ಸೇರಿದ ಕಾಮಿಕ್ಸ್ ಅಭಿಮಾನಿಗಳ ಕೂಟಗಳು 1970ರಲ್ಲಿ ಸ್ಯಾನ್ ಡಿಯಾಗೋ ಸಮ್ಮೇಳನವಾಗಿ ಬೆಳೆದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಅದೇ ವರ್ಷ ರಾಬರ್ಟ್ ಓವರ್‌ಸ್ಟ್ರೀಟ್ ಅವರ ಹಳೆಯ ಕಾಮಿಕ್ಸ್ ಬೆಲೆಪಟ್ಟಿ ಪ್ರಕಟವಾದದ್ದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಯಾವ ಸಂಚಿಕೆ ಮಹತ್ವದ್ದು ಎಂಬ ತೀರ್ಮಾನಕ್ಕೆ ಅಂದಿನಿಂದ ಡಾಲರ್ ಅಂಕಿ ಅಂಟಿಕೊಂಡಿತು. ನಾಯಕನೊಬ್ಬ ಮೊದಲು ಕಾಣಿಸಿಕೊಂಡ ಸಂಚಿಕೆ ಜೋಪಾನವಾಯಿತು, ಉಳಿದವು ರದ್ದಿಗೆ ಹೋದವು. ಬೇಲ್ಸ್ 1973ರಿಂದ ನಾಲ್ಕು ಸಂಪುಟಗಳಲ್ಲಿ ತಂದ ಕಾಮಿಕ್ಸ್ ಕಲಾವಿದರ ಕೋಶ ಈ ವ್ಯಾಪಾರದಿಂದ ದೂರ ನಿಂತ ಕೆಲಸ. ಸಂಶೋಧಕರಿಗೆ ಅದು ಇಂದಿಗೂ ಮುಖ್ಯ ಆಕರ.

ಈ ಆಕರಗಳನ್ನು ಬಳಸುವವರು ಎರಡು ಎಚ್ಚರ ವಹಿಸಬೇಕು. ಓದುಗರ ಪುಟದಲ್ಲಿ ನಮಗೆ ಸಿಗುವುದು ಅಚ್ಚಾದ ಪತ್ರಗಳು ಮಾತ್ರ, ಆರಿಸಿದವರು ಸಂಪಾದಕರು. ಇನ್ನೊಂದು, ಹುಡುಕಾಟ ನಡೆದದ್ದು ಹುಡುಕುವವರಿಗೆ ಬಾಲ್ಯದಲ್ಲಿ ಪ್ರಿಯವಾಗಿದ್ದ ಕಡೆಗಷ್ಟೇ. 1947ರಲ್ಲಿ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ‘ಯಂಗ್ ರೊಮ್ಯಾನ್ಸ್’ ಆರಂಭಿಸಿದ ಮೇಲೆ ಪ್ರೇಮಕಥೆಗಳ ಕಾಮಿಕ್ಸ್ ಅಮೆರಿಕದಲ್ಲಿ ಭಾರಿ ಸಂಖ್ಯೆಯಲ್ಲಿ ಮಾರಾಟವಾದವು. ಕೊಂಡವರು ಮುಖ್ಯವಾಗಿ ಹೆಣ್ಣುಮಕ್ಕಳು. ಕರ್ಬಿಯ ಸೂಪರ್‌ಹೀರೋ ಪುಟಗಳಲ್ಲಿ ಯಾವ ಗೆರೆಗೆ ಯಾರು ಶಾಯಿ ಹಚ್ಚಿದರು ಎಂದು ಪಟ್ಟಿ ಮಾಡಿದ ಅಭಿಮಾನಿಗಳು ಅದೇ ಕರ್ಬಿ ಬರೆದ ಪ್ರೇಮಕಥೆಗಳತ್ತ ಬಹುಕಾಲ ಹೊರಳಿಯೂ ನೋಡಲಿಲ್ಲ. ಆ ಪತ್ರಿಕೆಗಳಿಗೆ ಕಥೆ ಬರೆದ ಅನೇಕರ ಹೆಸರು ಇಂದಿಗೂ ಯಾವ ಸೂಚಿಯಲ್ಲೂ ಇಲ್ಲ.