ಅಗ್ಗದ ಫಿಟ್‌ನೆಸ್ ಬ್ಯಾಂಡ್ ತೋರಿಸುವ ಹಾರ್ಟ್ ರೇಟ್ ನಂಬಬಹುದೇ? ಓಟ, ಸೈಕ್ಲಿಂಗ್ ಮಾಡುವವರಿಗೆ ಅದು ಸಾಕೇ?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ವಿಡಿಯೋ ಸುತ್ತುತ್ತಿರುತ್ತದೆ. ಯಾರೋ ಒಬ್ಬರು ಫಿಟ್‌ನೆಸ್ ಬ್ಯಾಂಡನ್ನು ಬಾಳೆಹಣ್ಣಿಗೋ ಟಿಶ್ಯೂ ಪೇಪರ್ ಸುರುಳಿಗೋ ಕಟ್ಟುತ್ತಾರೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎದೆಬಡಿತದ ಸಂಖ್ಯೆ ಮೂಡುತ್ತದೆ. ಈ ಬ್ಯಾಂಡ್‌ಗಳೆಲ್ಲ ಬರೀ ಮೋಸ ಎಂಬ ಒಕ್ಕಣೆ ಜೊತೆಗಿರುತ್ತದೆ. ಇದಕ್ಕೆ ತದ್ವಿರುದ್ಧವಾದ ಸಂದೇಶಗಳೂ ಇವೆ. ಕೈಗೊಂದು ಬ್ಯಾಂಡ್ ಕಟ್ಟಿಕೊಂಡರೆ ಹೃದಯಾಘಾತ ಮೊದಲೇ ಗೊತ್ತಾಗುತ್ತದೆ, ನಿಶ್ಚಿಂತೆಯಿಂದ ಓಡಬಹುದು ಎಂದು ಅವು ಹೇಳುತ್ತವೆ.

ಎರಡೂ ಸರಿಯಲ್ಲ. ಹಾಗಾದರೆ ಸರಿ ಯಾವುದು? ಎರಡು-ಮೂರು ಸಾವಿರ ರೂಪಾಯಿಯ ಬ್ಯಾಂಡ್ ನಂಬಿ 10 ಕಿ.ಮೀ. ಓಟಕ್ಕೋ ಹಾಫ್ ಮ್ಯಾರಥಾನ್‌ಗೋ ತಯಾರಿ ಮಾಡಬಹುದೇ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಒಂದೇ ವೇಗದಲ್ಲಿ ನಿಧಾನವಾಗಿ ಓಡುವ, ನಡೆಯುವ ಅಭ್ಯಾಸಕ್ಕೆ ಹೆಚ್ಚಿನವರಿಗೆ ಅಗ್ಗದ ಬ್ಯಾಂಡ್ ಸಾಕು.
- ಜೋರಾಗಿ ಓಡಿ ನಿಲ್ಲಿಸಿ, ಮತ್ತೆ ಜೋರಾಗಿ ಓಡುವ ಇಂಟರ್ವಲ್ ಅಭ್ಯಾಸಕ್ಕೆ ಸಾಲದು. ಅಲ್ಲಿ ಎದೆಗೆ ಕಟ್ಟುವ ಚೆಸ್ಟ್ ಸ್ಟ್ರಾಪ್ ಒಳ್ಳೆಯದು.
- ಹೃದಯ ಆರೋಗ್ಯವಾಗಿದೆಯೇ ಎಂದು ತಿಳಿಯಲು, ಹೃದಯಾಘಾತ ಪತ್ತೆ ಮಾಡಲು ಇವನ್ನು ನಂಬಲೇಬಾರದು.

ಬ್ಯಾಂಡ್ ಎದೆಬಡಿತ ಎಣಿಸುವುದು ಹೇಗೆ?

ಬ್ಯಾಂಡ್ ಬಿಚ್ಚಿ ಹಿಂಬದಿ ನೋಡಿ. ಹಸಿರು ಬೆಳಕು ಮಿನುಗುತ್ತಿರುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚಾಗುತ್ತದೆ, ಆಗ ವಾಪಸ್ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಬೆಳಕಿನ ಈ ಏರಿಳಿತವನ್ನು ಸೆನ್ಸರ್ ಹಿಡಿಯುತ್ತದೆ, ಒಳಗಿನ ಸಾಫ್ಟ್‌ವೇರ್ ಅದರಿಂದ ನಿಮಿಷಕ್ಕೆ ಎಷ್ಟು ಬಡಿತ ಎಂದು ಲೆಕ್ಕ ಹಾಕುತ್ತದೆ. ಅಂದರೆ ಬ್ಯಾಂಡ್ ನೋಡುತ್ತಿರುವುದು ಹೃದಯವನ್ನಲ್ಲ, ಚರ್ಮದ ಕೆಳಗಿನ ರಕ್ತದ ಅಲೆಯನ್ನು.

ಚೆಸ್ಟ್ ಸ್ಟ್ರಾಪ್ ಕೆಲಸ ಮಾಡುವ ರೀತಿಯೇ ಬೇರೆ. ಪ್ರತಿ ಬಡಿತಕ್ಕೂ ಹೃದಯದಲ್ಲಿ ಹುಟ್ಟುವ ವಿದ್ಯುತ್ ಸಂಕೇತವನ್ನು ಅದು ಎದೆಯ ಚರ್ಮದಿಂದ ಹಿಡಿಯುತ್ತದೆ. ಆಸ್ಪತ್ರೆಯ ಇಸಿಜಿಯ ಮೂಲ ತತ್ವವೂ ಇದೇ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ತಂತಿಯಿಲ್ಲದ ಇಂತಹ ಸಾಧನವನ್ನು ಕ್ರೀಡಾಪಟುಗಳಿಗಾಗಿ ಮಾರುಕಟ್ಟೆಗೆ ತಂದಿತ್ತು. ಈಗ ಕಡಿಮೆ ಬೆಲೆಯ ಚೆಸ್ಟ್ ಸ್ಟ್ರಾಪ್‌ಗಳೂ ಸಿಗುತ್ತವೆ. ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಿದರೆ ಆಯಿತು.

ಹಾಗಾದರೆ ಬಾಳೆಹಣ್ಣಿನ ವಿಡಿಯೋ ಸುಳ್ಳೇ?

ವಿಡಿಯೋ ಸುಳ್ಳಾಗಿರಬೇಕಿಲ್ಲ. ಅದರಿಂದ ತೆಗೆದ ತೀರ್ಮಾನ ತಪ್ಪು. ಬೆಳಕು ಬಿಟ್ಟಾಗ ಬಾಳೆಹಣ್ಣಿನ ಸಿಪ್ಪೆಯಿಂದಲೂ ಒಂದಿಷ್ಟು ವಾಪಸ್ ಬರುತ್ತದೆ. ಸ್ವಲ್ಪ ಅಲುಗಾಟ, ಕೋಣೆಯ ದೀಪದ ಮಿನುಗು ಸೇರಿದರೆ ಬೆಳಕಿನಲ್ಲಿ ಏರಿಳಿತ ಕಾಣುತ್ತದೆ. ಎದುರಿಗಿರುವುದು ಮನುಷ್ಯನ ಕೈ ಎಂದುಕೊಂಡೇ ಸಾಫ್ಟ್‌ವೇರ್ ಆ ಗದ್ದಲದಲ್ಲಿ ಬಡಿತ ಹುಡುಕುತ್ತದೆ, ಒಂದು ಸಂಖ್ಯೆ ತೋರಿಸುತ್ತದೆ.

ಇದರಿಂದ ಕೈ ಮೇಲೆ ತೋರಿಸುವುದೆಲ್ಲ ಸುಳ್ಳು ಎಂದಾಗುವುದಿಲ್ಲ. ತಕ್ಕಡಿಯಲ್ಲಿ ಅಕ್ಕಿಯ ಬದಲು ಕಲ್ಲಿಟ್ಟರೂ ತೂಕ ತೋರಿಸುತ್ತದೆ, ಹಾಗೆಂದು ಅಕ್ಕಿಯ ತೂಕ ಸುಳ್ಳಾಗುವುದಿಲ್ಲ. ಆದರೆ ಈ ವಿಡಿಯೋದಿಂದ ಕಲಿಯಬೇಕಾದ ಒಂದು ಮಾತಿದೆ: ಸಿಗ್ನಲ್ ಸರಿಯಾಗಿ ಸಿಗದಿದ್ದಾಗಲೂ ಬ್ಯಾಂಡ್ ಸುಮ್ಮನಿರುವುದಿಲ್ಲ, ಏನೋ ಒಂದು ಸಂಖ್ಯೆ ತೋರಿಸಿಬಿಡಬಹುದು. ಓಡುವಾಗ ತೊಂದರೆಯಾಗುವುದೂ ಇದರಿಂದಲೇ.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು 50 ಆರೋಗ್ಯವಂತರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ, ನಾಲ್ಕು ಮಣಿಕಟ್ಟಿನ ಸಾಧನಗಳನ್ನೂ ಒಂದು ಚೆಸ್ಟ್ ಸ್ಟ್ರಾಪನ್ನೂ ಇಸಿಜಿಯೊಂದಿಗೆ ಹೋಲಿಸಿದರು. ಇದು 2017ರಲ್ಲಿ ‘ಜಾಮಾ ಕಾರ್ಡಿಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಸಿಜಿಗೆ ಪೂರ್ತಿ ಹೊಂದಿದರೆ 1 ಅಂಕ ಎಂದಿಟ್ಟುಕೊಂಡರೆ ಚೆಸ್ಟ್ ಸ್ಟ್ರಾಪ್‌ಗೆ 0.99 ಸಿಕ್ಕಿತು. ಮಣಿಕಟ್ಟಿನ ಸಾಧನಗಳಿಗೆ ಸಿಕ್ಕಿದ್ದು 0.83ರಿಂದ 0.91.

ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳ ಎದೆಬಡಿತದ ತಪ್ಪು 5%ಗಿಂತ ಕಡಿಮೆ ಇತ್ತು. ಆದರೆ ಸುಟ್ಟ ಕ್ಯಾಲೊರಿಯ ಲೆಕ್ಕದಲ್ಲಿ ಒಂದೂ ಪಾಸಾಗಲಿಲ್ಲ. ಅತಿ ಉತ್ತಮ ಎನಿಸಿದ್ದೇ ಸರಾಸರಿ 27% ತಪ್ಪಿತ್ತು, ಅತಿ ಕಳಪೆಯದು 93%. ಬ್ಯಾಂಡ್ 500 ಕ್ಯಾಲೊರಿ ಎಂದಿತೆಂದು ಒಂದು ಮಸಾಲೆದೋಸೆ ಹೆಚ್ಚು ತಿನ್ನುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಇವೆಲ್ಲ ಹೆಚ್ಚಾಗಿ ದುಬಾರಿ ವಾಚ್‌ಗಳಲ್ಲವೇ ಎಂದು ನೀವು ಕೇಳಬಹುದು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿದ ಆರು ಸಾಧನಗಳಲ್ಲಿ ನಮ್ಮಲ್ಲೂ ಜನಪ್ರಿಯವಾಗಿದ್ದ ಅಗ್ಗದ ಶಓಮಿ ಮಿ ಬ್ಯಾಂಡ್ 3 ಕೂಡ ಇತ್ತು. ಆ ಅಧ್ಯಯನದಲ್ಲಿ ಎರಡು ಮುಖ್ಯ ವಿಷಯ ತಿಳಿಯಿತು. ಒಂದು, ಸುಮ್ಮನೆ ಕೂತಾಗಿಗಿಂತ ಚಟುವಟಿಕೆಯಲ್ಲಿದ್ದಾಗ ತಪ್ಪು ಸರಾಸರಿ 30% ಹೆಚ್ಚು. ಎರಡು, ಕಪ್ಪು ಚರ್ಮದವರಿಗೂ ಬಿಳಿ ಚರ್ಮದವರಿಗೂ ನಿಖರತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಸಾಧನದಿಂದ ಸಾಧನಕ್ಕೆ, ಕೂತಿದ್ದೀರೋ ಓಡಾಡುತ್ತಿದ್ದೀರೋ ಎಂಬುದರ ಮೇಲೆ.

ಓಡುವಾಗ ಎಲ್ಲಿ ಎಡವುತ್ತದೆ?

*ಹೆಜ್ಜೆಯನ್ನೇ ಬಡಿತ ಎಂದುಕೊಳ್ಳುವುದು:* ಇದು ಓಟಗಾರರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಓಡುವಾಗ ನಿಮಿಷಕ್ಕೆ ಸುಮಾರು 160-180 ಹೆಜ್ಜೆ ಬೀಳುತ್ತವೆ. ಕೈ ಕೂಡ ಅದೇ ತಾಳಕ್ಕೆ ಅಲುಗುತ್ತದೆ. ಸೆನ್ಸರ್ ಈ ತಾಳವನ್ನೇ ಎದೆಬಡಿತ ಎಂದು ಹಿಡಿದುಬಿಡಬಹುದು. ನಿಜವಾದ ಬಡಿತ 135 ಇದ್ದರೂ ಪರದೆ 170 ತೋರಿಸುತ್ತದೆ. ಆರಾಮಾಗಿ ಮಾತಾಡುತ್ತಾ ಓಡುತ್ತಿದ್ದೀರಿ, ಬ್ಯಾಂಡ್ ಮಾತ್ರ 170 ಎನ್ನುತ್ತಿದೆ ಎಂದರೆ ಮೊದಲು ಇದನ್ನೇ ಅನುಮಾನಿಸಿ.

*ತಡವಾಗಿ ತೋರಿಸುವುದು:* ಗದ್ದಲ ಸೋಸಲು ಬ್ಯಾಂಡ್ ಕೆಲವು ಸೆಕೆಂಡುಗಳ ಸರಾಸರಿ ತೆಗೆದುಕೊಳ್ಳುತ್ತದೆ. 30 ಸೆಕೆಂಡು ಜೋರಾಗಿ ಓಡಿ ನಿಲ್ಲಿಸುವ ಅಭ್ಯಾಸದಲ್ಲಿ ಪರದೆಯ ಸಂಖ್ಯೆ ಏರುವಷ್ಟರಲ್ಲಿ ನಿಮ್ಮ ಓಟವೇ ಮುಗಿದಿರುತ್ತದೆ.

*ಚಳಿ:* ಡಿಸೆಂಬರ್-ಜನವರಿಯ ಮುಂಜಾನೆ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ಮಣಿಕಟ್ಟಿಗೆ ರಕ್ತ ಕಡಿಮೆ ಬಂದರೆ ಸಿಗ್ನಲ್ಲೂ ಕಡಿಮೆ. ಹತ್ತು ನಿಮಿಷ ಓಡಿ ಮೈ ಬಿಸಿಯಾದ ಮೇಲೆ ಸರಿಯಾಗುವುದುಂಟು.

*ಸಡಿಲ ಪಟ್ಟಿ, ಹಚ್ಚೆ, ಬಿಗಿ ಹಿಡಿತ:* ಪಟ್ಟಿ ಸಡಿಲವಿದ್ದರೆ ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ. ಸೆನ್ಸರ್ ಕೂರುವ ಜಾಗದಲ್ಲಿ ದಟ್ಟ ಹಚ್ಚೆ ಇದ್ದರೆ ಬೆಳಕು ಒಳಗೆ ಹೋಗುವುದಿಲ್ಲ. ಸೈಕಲ್ ಹ್ಯಾಂಡಲ್, ಡಂಬೆಲ್ ಬಿಗಿಯಾಗಿ ಹಿಡಿದಾಗಲೂ ಸಂಖ್ಯೆ ಏರುಪೇರಾಗುತ್ತದೆ.

ಬ್ಯಾಂಡಿಗಿಂತ ದೊಡ್ಡ ತಪ್ಪು ನಮ್ಮ ಲೆಕ್ಕದಲ್ಲಿದೆ

ದೀರ್ಘ ಓಟದ ಅಭ್ಯಾಸದಲ್ಲಿ ‘ಝೋನ್’ಗಳ ಮಾತು ಬರುತ್ತದೆ. ಗರಿಷ್ಠ ಎದೆಬಡಿತದ ಸುಮಾರು 60-70% ಇದ್ದರೆ ಅದು ಆರಾಮದ ಓಟ, ಅಭ್ಯಾಸದ ಹೆಚ್ಚು ಭಾಗ ಅಲ್ಲೇ ನಡೆಯಬೇಕು ಎನ್ನುತ್ತಾರೆ. ಗರಿಷ್ಠ ಎಷ್ಟು ಎಂದು ತಿಳಿಯಲು 220ರಲ್ಲಿ ವಯಸ್ಸು ಕಳೆಯಿರಿ ಎಂಬ ಸೂತ್ರ ಎಲ್ಲ ಕಡೆ ಹರಿದಾಡುತ್ತದೆ. 40 ವರ್ಷದವರಿಗೆ 180, ಅಂದರೆ ಆರಾಮದ ಓಟ 108ರಿಂದ 126.

ಈ ಸೂತ್ರ ಒಂದು ಸರಾಸರಿ ಅಷ್ಟೇ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ 10-20ರ ವ್ಯತ್ಯಾಸ ಇರುವುದು ತೀರಾ ಸಾಮಾನ್ಯ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಇನ್ನೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವುದು. 60 ವರ್ಷದವರಿಗೆ ಹಳೆಯ ಸೂತ್ರ 160 ಎಂದರೆ ಇದು 166 ಎನ್ನುತ್ತದೆ. ಬ್ಯಾಂಡ್ 4-5 ಬಡಿತ ತಪ್ಪು ತೋರಿಸುತ್ತದೆ ಎಂದು ಕೊರಗುತ್ತೇವೆ, ಆದರೆ ಝೋನ್ ಲೆಕ್ಕವೇ 10-15 ಬಡಿತ ತಪ್ಪಿರಬಹುದು.

ಬಿಸಿಲು, ನಿರ್ಜಲೀಕರಣ, ನಿದ್ದೆಗೇಡು, ಕಾಫಿ ಇವೂ ಎದೆಬಡಿತ ಏರಿಸುತ್ತವೆ. ಅದೇ ವೇಗದಲ್ಲಿ ಓಡುತ್ತಿದ್ದರೂ ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಬರುವ ಸಂಖ್ಯೆ ಮಡಿಕೇರಿಯ ತಂಪಿನಲ್ಲಿ ಬರುವುದಿಲ್ಲ. ಅದು ಬ್ಯಾಂಡಿನ ತಪ್ಪಲ್ಲ.

ಇನ್ನೊಂದು ಮುಖ್ಯ ಮಾತು: ರಕ್ತದೊತ್ತಡ ಅಥವಾ ಹೃದಯದ ತೊಂದರೆಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಎದೆಬಡಿತ ಅಷ್ಟಾಗಿ ಏರುವುದಿಲ್ಲ. ಅವರು ಸೂತ್ರದ ಸಂಖ್ಯೆ ಮುಟ್ಟಲು ಹೋಗಿ ಅತಿಯಾಗಿ ದಣಿಯಬಾರದು. ಎಷ್ಟು ವ್ಯಾಯಾಮ ಎಂದು ವೈದ್ಯರನ್ನೇ ಕೇಳಬೇಕು.

ಯಾರಿಗೆ ಯಾವುದು ಸಾಕು?

- *ನಡಿಗೆ, ಮೊದಲ 5 ಅಥವಾ 10 ಕಿ.ಮೀ. ಓಟದ ತಯಾರಿ:* ಇರುವ ಬ್ಯಾಂಡೇ ಸಾಕು. ಒಂದು ದಿನದ ಸಂಖ್ಯೆಗಿಂತ ವಾರಗಳ ಬದಲಾವಣೆ ನೋಡಿ. ಅದೇ ದಾರಿ, ಅದೇ ವೇಗಕ್ಕೆ ಬಡಿತ ಇಳಿಯುತ್ತಿದ್ದರೆ ಶಕ್ತಿ ಹೆಚ್ಚುತ್ತಿದೆ ಎಂದರ್ಥ.
- *ಇಂಟರ್ವಲ್, ಬೆಟ್ಟದ ಓಟ, ರಸ್ತೆ ಸೈಕ್ಲಿಂಗ್:* ದುಬಾರಿ ವಾಚ್‌ಗೆ ದುಡ್ಡು ಹಾಕುವ ಬದಲು ಸಾಧಾರಣ ಬೆಲೆಯ ಚೆಸ್ಟ್ ಸ್ಟ್ರಾಪ್ ಕೊಳ್ಳುವುದು ಲಾಭ. ಎದೆಗೆ ಕಟ್ಟುವುದು ಕಿರಿಕಿರಿ ಎನಿಸಿದರೆ ತೋಳಿಗೆ ಕಟ್ಟುವ ಬೆಳಕಿನ ಸೆನ್ಸರ್‌ಗಳಿವೆ. ಮಣಿಕಟ್ಟಿಗಿಂತ ತೋಳಿನಲ್ಲಿ ಅಲುಗಾಟದ ತೊಂದರೆ ಕಡಿಮೆ.
- *ಸಾಧನವೇ ಇಲ್ಲದವರಿಗೆ:* ಮಾತಿನ ಪರೀಕ್ಷೆ ಇದೆ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆದರೆ ಆರಾಮದ ಓಟ. ಮೂರು-ನಾಲ್ಕು ಪದಕ್ಕೇ ಏದುಸಿರು ಬಂದರೆ ಜೋರಾಯಿತು ಎಂದರ್ಥ. ಖರ್ಚಿಲ್ಲ, ಚಾರ್ಜ್ ಮಾಡುವ ಗೋಜಿಲ್ಲ.

ಚೆಸ್ಟ್ ಸ್ಟ್ರಾಪ್ ಕೂಡ ತಪ್ಪೇ ಮಾಡದ ವಸ್ತುವಲ್ಲ. ಎದೆ ಒಣಗಿದ್ದರೆ ಮೊದಲ ಕೆಲವು ನಿಮಿಷ ಹುಚ್ಚುಚ್ಚಾಗಿ ತೋರಿಸಬಹುದು. ಕಟ್ಟುವ ಮೊದಲು ಒಳಬದಿಗೆ ನೀರು ಹಚ್ಚಿ, ಓಟ ಮುಗಿದ ಮೇಲೆ ಬೆವರು ತೊಳೆಯಿರಿ. ಸೆಲ್ ಮುಗಿಯುತ್ತಾ ಬಂದರೂ ಸಂಖ್ಯೆ ತಪ್ಪುತ್ತದೆ.

ನಿಮ್ಮ ಬ್ಯಾಂಡನ್ನು ನೀವೇ ಪರೀಕ್ಷಿಸಿ

1. ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಬ್ಯಾಂಡ್ ಇಲ್ಲದ ಕೈಯ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕಡೆ, ತೋರುಬೆರಳು ಮತ್ತು ನಡುಬೆರಳಿಟ್ಟು ನಾಡಿ ಹುಡುಕಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದ್ದೇ ಬಡಿತ ಗೊಂದಲ ಮಾಡುತ್ತದೆ.
2. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಬ್ಯಾಂಡಿನ ಸಂಖ್ಯೆಯ ಜೊತೆ ಹೋಲಿಸಿ.
3. ಹತ್ತು ನಿಮಿಷ ಒಂದೇ ವೇಗದಲ್ಲಿ ಓಡಿ. ನಿಲ್ಲಿಸುವಾಗ ಬ್ಯಾಂಡ್ ನೋಡಿ, ಕೂಡಲೇ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ನಿಂತ ತಕ್ಷಣ ಬಡಿತ ಇಳಿಯುವುದರಿಂದ ತಡ ಮಾಡಬೇಡಿ.
4. ಮೂರು-ನಾಲ್ಕು ದಿನ ಹೀಗೆ ಮಾಡಿ. ವ್ಯತ್ಯಾಸ 5-6 ಬಡಿತದೊಳಗಿದ್ದರೆ ಸಾಮಾನ್ಯ ಅಭ್ಯಾಸಕ್ಕೆ ಅದು ಸಾಕು. 20-30 ವ್ಯತ್ಯಾಸ ಬಂದರೆ ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲಕ್ಕೆ ಸರಿಸಿ, ಬಿಗಿ ಮಾಡಿ, ಮತ್ತೆ ನೋಡಿ.

ಬ್ಯಾಂಡ್ ಕಟ್ಟಿದರೆ ಹೃದಯಾಘಾತ ಮೊದಲೇ ಗೊತ್ತಾಗುತ್ತದೆಯೇ?

ಇಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗಲೂ, 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಹಬ್ಬಿದಾಗಲೂ ಕರ್ನಾಟಕದಲ್ಲಿ ಆತಂಕ ಹೆಚ್ಚಿ ಜನ ಹೃದಯ ತಪಾಸಣೆಗೆ ಮುಗಿಬಿದ್ದರು. ಆ ಭಯ ಸಹಜ. ಆದರೆ ಅದಕ್ಕೆ ಉತ್ತರ ಬ್ಯಾಂಡ್ ಅಲ್ಲ.

ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಆ ಹೊತ್ತಿನಲ್ಲೂ ಎದೆಬಡಿತ 80 ಇರಬಹುದು. ಬಡಿತ ಎಣಿಸುವ ಬ್ಯಾಂಡಿಗೆ ನಾಳದೊಳಗಿನ ಅಡ್ಡಿ ಕಾಣುವುದಿಲ್ಲ. ಆದ್ದರಿಂದ ಎದೆಯಲ್ಲಿ ಒತ್ತಿದಂತಹ ನೋವು, ತೋಳು, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ಬ್ಯಾಂಡಿನ ಸಂಖ್ಯೆ ನೋಡುತ್ತಾ ಕೂರಬೇಡಿ. ಓಟ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ನಾರ್ಮಲ್ ತೋರಿಸುತ್ತಿದೆಯಲ್ಲ, ಗ್ಯಾಸ್ ಇರಬೇಕು ಎಂದು ಕಳೆದ ಅರ್ಧ ಗಂಟೆಯೇ ಜೀವಕ್ಕೆ ಎರವಾಗಬಹುದು.

ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನದ ಅಭ್ಯಾಸ, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರು ಇದ್ದರೆ ಕಠಿಣ ಅಭ್ಯಾಸ ಶುರು ಮಾಡುವ ಮೊದಲು ವೈದ್ಯರನ್ನು ಕಾಣಿ.

ಒಟ್ಟಿನಲ್ಲಿ

ಬ್ಯಾಂಡ್‌ಗಳೆಲ್ಲ ಮೋಸ ಎಂಬುದು ತಪ್ಪು. ಬ್ಯಾಂಡ್ ಇದ್ದರೆ ಹೃದಯ ಸುರಕ್ಷಿತ ಎಂಬುದು ತಪ್ಪಷ್ಟೇ ಅಲ್ಲ, ಅಪಾಯ. ನಿಧಾನದ ಓಟಕ್ಕೆ ಅಗ್ಗದ ಬ್ಯಾಂಡ್ ಸಾಕು, ತೀವ್ರ ಅಭ್ಯಾಸಕ್ಕೆ ಚೆಸ್ಟ್ ಸ್ಟ್ರಾಪ್ ಬೇಕು, ನೋವು ಬಂದರೆ ಆಸ್ಪತ್ರೆಗೇ ಹೋಗಬೇಕು. ಬಾಳೆಹಣ್ಣಿನ ವಿಡಿಯೋ ಮತ್ತೆ ನಿಮ್ಮ ಗುಂಪಿಗೆ ಬಂದರೆ ಅದರ ಕೆಳಗೆ ಈ ಮೂರು ಮಾತು ಹಾಕಿ.